ಕಾಯಿಲ್ ಮೇಲಿನ ಸುಣ್ಣ

ಕ್ಲಾಕ್ ಟವರಿನ ಹಿಂದೆ, ಬಳೆ ಅಂಗಡಿಗೂ ಬೀಡಾ ಡಬ್ಬಕ್ಕೂ ನಡುವೆ
ಆರಡಿ ಅಗಲ ನನ್ನ ಅಂಗಡಿ. ಗೀಸರ್, ಮಿಕ್ಸಿ, ಫ್ಯಾನು.
ಬೋರ್ಡಿನಲ್ಲಿ ಸೊಣ್ಣಪ್ಪ ಅಂತಿತ್ತು. ಮೊದಲಕ್ಷರ ಬಿಸಿಲಿಗೆ ಹೋಗಿ
ಈಗ ಊರಿಗೆಲ್ಲ ನಾನು ಅಣ್ಣಪ್ಪ.

ಆಕೆ ಬಂದದ್ದು ಡ್ರಿಲ್ ಕೆಟ್ಟು.
ಹಲ್ಲಿನ ಡಾಕ್ಟರು ಹಿಡಿಯುವಂಥದ್ದು, ಸೂಜಿಮೊನೆ.
ಹೆಸರು ಫಿಲೋಮಿನಾ, ಊರು ಊರಿಗಾಂ.
ತಾತ ಚಾಂಪಿಯನ್ ರೀಫಿನಲ್ಲಿ ಎರಡು ಮೈಲಿ ಇಳಿಯುತ್ತಿದ್ದರಂತೆ,
ಮೊಮ್ಮಗಳು ಕಲ್ಲಿನೊಳಗೆ ಕೂದಲೆಳೆಯಷ್ಟು ಇಳಿಯುತ್ತಾಳೆ.
‘ಅವರಿಗೆ ಬೇಕಾದ್ದು ಚಿನ್ನ,’ ಅಂದಳು, ‘ನನಗೆ ಹಳೇ ಮಳೆ.’

ಮೊಣಕೈ ತರಚಿತ್ತು. ಅಂತರಗಂಗೆಯ ಗುಹೆಯಲ್ಲೆಲ್ಲ ತೆವಳಿ ಬಂದಿದ್ದಾಳೆ.
ಅಲ್ಲಿರುವುದು ಬಂಡೆ ಮೇಲೆ ಬಂಡೆ ಬಿದ್ದ ಸಂದು,
ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಂಬ ಒಂದೂ ಇಲ್ಲ.
ಗೊತ್ತಿದ್ದೇ ಹೋದಳಂತೆ. ರಜೆ, ಕೈ ಸುಮ್ಮನಿರಲಿಲ್ಲ.

ಕರ್ಚೀಫಿನ ಗಂಟು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಹವಳ.
ಹವಳ ಅಂದರೆ ಉಂಗುರದ ಕೆಂಪು ಅಂದುಕೊಂಡಿದ್ದೆ,
ಇದು ಕರಿದ ಸಂಡಿಗೆಯ ಹಾಗೆ ಬಿಳಿ, ತೂತು ತೂತು.
ಬೆಳಕಿಗೆ ಹಿಡಿದರೆ ವರ್ಷಕ್ಕೊಂದು ಗೆರೆ,
ಸಮುದ್ರಕ್ಕೆ ಯಾವ ವರ್ಷ ಎಷ್ಟು ಜ್ವರ ಅಂತ.
ಸ್ಪಂಜಿಗೂ ಎಲುಬಿದೆಯಂತೆ. ಕತ್ತಲಲ್ಲಿ ನಾನೂರು ವರ್ಷ ಕೂತ ಕಡೆಯೇ ಕೂತು
ಬಿಸಿ ಬರೆದುಕೊಳ್ಳುತ್ತದಂತೆ.
ನನಗೆ ಗೊತ್ತಿರುವ ಸ್ಪಂಜು ಪಾತ್ರೆ ತೊಳೆಯುವುದು.

ನೀರಿನಲ್ಲೂ ಭಾರದ್ದು, ಹಗುರದ್ದು ಇದೆ ಅಂದಳು.
ಮೋಡ ಕಡಲಿಂದ ಹೊರಟು ಬರುತ್ತಾ
ಭಾರದ್ದನ್ನೇ ಹೆಚ್ಚು ಹೆಚ್ಚು ಇಳಿಸುತ್ತದೆ.
ಎಲ್ಲಿ ಜೋರಾಗಿ ಸುರಿಯಿತೋ ಅಲ್ಲಿಯ ಗುಹೆಯ ಸುಣ್ಣದಲ್ಲಿ
ಹಗುರದ್ದೇ ಸಿಕ್ಕಿಕೊಂಡಿರುತ್ತದೆ, ಸಾವಿರಾರು ವರ್ಷ.
‘ಟೊಮೆಟೊ ಲಾರಿ ಇದ್ದಂಗೆ,’ ಅಂದೆ, ‘ದೊಡ್ಡ ಕ್ರೇಟು ಮೊದಲು.’
ನಕ್ಕಳು. ಹೌದು ಅನ್ನಲಿಲ್ಲ.

ಆಗ ನನಗೂ ಹುರುಪು ಬಂತು.
ಬೆಂಚಿನ ಕೆಳಗಿನ ಎಣ್ಣೆ ಡಬ್ಬ ಎಳೆದೆ:
ಹದಿನೇಳು ವರ್ಷದಲ್ಲಿ ಬಿಚ್ಚಿದ ಗೀಸರ್ ಕಾಯಿಲ್‌ಗಳು,
ಒಂದೊಂದರ ಮೈಮೇಲೂ ಬೆರಳು ದಪ್ಪ ಸುಣ್ಣ.
ಗುಜರಿಯವನು ಕೇಳಿದರೂ ಕೊಟ್ಟಿರಲಿಲ್ಲ, ಯಾಕೋ.

ಒಂದನ್ನು ಗರಗಸದಲ್ಲಿ ಕೊಯ್ದಳು. ಈರುಳ್ಳಿಯ ಹಾಗೆ ಪದರ.
‘ಈ ಕಂದು ಗೆರೆ ಮಳೆ ಕೈಕೊಟ್ಟ ವರ್ಷದ್ದಾ?’
‘ಬೋರು ಎಷ್ಟು ಅಡಿ?’
‘ಸಾವಿರದ ನಾನೂರು.’
ಸುಮ್ಮನಾದಳು.
‘ಅಷ್ಟು ಆಳದ ನೀರು ಮೊನ್ನೆ ಮಳೆಯದ್ದಲ್ಲ ಅಣ್ಣಪ್ಪಾ.
ಎಂದು ಬಿದ್ದದ್ದೋ. ಈ ಊರಿಗೆ ಕುವಲಾಲ ಅಂತ
ಹೆಸರಿಡುವ ಮೊದಲೂ ಇರಬಹುದು. ಅಳೆಯದೆ ಹೇಳಲಾರೆ.
ಇದರಲ್ಲಿ ಹವಾಮಾನ ಇಲ್ಲ. ಸ್ನಾನದ ಲೆಕ್ಕ, ಅಷ್ಟೆ.’

ಸ್ನಾನದ ಲೆಕ್ಕವಾದರೆ ನಾನು ಓದಬಲ್ಲೆ.
ಇದು ಕೀಲುಕೋಟೆಯ ನರ್ಸ್ ಪಿಳ್ಳಮ್ಮನ ಮನೆಯದ್ದು.
ದಪ್ಪ ಬಿಳಿ ಇದೆಯಲ್ಲ, ಸೊಸೆಯ ಬಾಣಂತನ,
ದಿನಕ್ಕೆರಡು ಸಲ ಹಂಡೆಗಟ್ಟಲೆ.
ಆಮೇಲೆ ಉಗುರಿನಂಥ ತೆಳು: ಸೊಸೆ ತವರಿಗೆ ಹೋಗಿ
ವರ್ಷವಾದರೂ ಬರಲಿಲ್ಲ.
ಕಂದು ಬಣ್ಣ, ಪೈಪು ತುಕ್ಕು ಹಿಡಿದಾಗಿನದ್ದು. ಬದಲಾಯಿಸಿದವನು ನಾನೇ.
ಮೇಲಿನದು ಮತ್ತೆ ದಪ್ಪ. ಬಂದಳು.

ಫಿಲೋಮಿನಾ ಪೆನ್ಸಿಲಿನಲ್ಲಿ ಬರೆದುಕೊಂಡಳು,
ಯಾತಕ್ಕೆ ಅಂತ ನಾನು ಕೇಳಲಿಲ್ಲ.
ಡ್ರಿಲ್ಲಿನಲ್ಲಿ ಕೆಟ್ಟದ್ದು ಬರೀ ಕಾರ್ಬನ್ ಬ್ರಷ್ಷು.
ಎಂಬತ್ತು ರೂಪಾಯಿ. ಚಿಲ್ಲರೆ ಇರಲಿಲ್ಲ, ನೂರು ಇಟ್ಟು ಹೋದಳು.

ಸಂಜೆ ಟೀಗೆ ನೀರಿಟ್ಟೆ.
ಕಡಲಿಂದ ಯಾವತ್ತೋ ಎದ್ದು, ಯಾರ ತಲೆಯ ಮೇಲೆ ಬಿದ್ದಿತ್ತೋ,
ಆ ಮಳೆಗೆ ಯಾರು ಓಡಿ ಬಟ್ಟೆ ಎತ್ತಿಟ್ಟಿದ್ದರೋ.
ಪಿಳ್ಳಮ್ಮನ ಮೊಮ್ಮಗು ಮೊದಲ ಸಲ ಅತ್ತದ್ದು
ಆ ಮಳೆಯಲ್ಲೇ, ಬೆಚ್ಚಗೆ, ಪ್ಲಾಸ್ಟಿಕ್ ಟಬ್ಬಿನಲ್ಲಿ.

ಕುದಿ ಬಂತು.
ಪುಡಿ ಹಾಕಿದೆ. ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ,
ನಮ್ಮ ಬೋರಿನ ನೀರು ಸ್ವಲ್ಪ ಒಗರು.