ಚಪ್ಪಟೆ ಪಾರ್ಸೆಲ್

ತಿಂಗಳಿಗೊಂದು ಬರುತ್ತಿತ್ತು ಅಮ್ಮತ್ತಿಯ ಅಂಚೆ ಕಚೇರಿಗೆ,
ಊಟದ ತಟ್ಟೆಯಷ್ಟು ಅಗಲ, ಬೆರಳಿನಷ್ಟೂ ದಪ್ಪವಿಲ್ಲ.
ಲಂಡನ್ನಿನ ಮುದ್ರೆ, ಸುಂಕದ ಹಸಿರು ಚೀಟಿ,
ಅದರಲ್ಲಿ ಉಡುಗೊರೆ ಎಂದಷ್ಟೇ;
ಕೆಳಗೆ ಬಂಗಲೆಯ ಚಿಕ್ಕ ದೊರೆಯ ಹೆಸರು.
ನನಗಾಗ ಇಪ್ಪತ್ತೆರಡು. ಹೊಸ ಕ್ಲಾರ್ಕು.
ಗಾಜು ಹಾಕಿದ ಪಟವಿರಬೇಕೆಂದುಕೊಂಡು
ತಾರೀಖಿನ ಮೊಹರನ್ನು ಮೆಲ್ಲಗೆ ಒತ್ತುತ್ತಿದ್ದೆ,
ಒಡೆಯಬಾರದಲ್ಲ.

ಮೊನ್ನೆ ವಿರಾಜಪೇಟೆಯಲ್ಲಿ ಮೊಯ್ದುವಿನ ಅಂಗಡಿಗೆ
ಮಿಕ್ಸಿ ರಿಪೇರಿಗೆಂದು ಹೋಗಿ ಕೂತವಳ ಕಾಲಿಗೆ
ತಾಗಿತು ಒಂದು ರಟ್ಟಿನ ಪೆಟ್ಟಿಗೆ.
ಬಂಗಲೆ ಕೈ ಬದಲಾದಾಗ ತೂಕಕ್ಕೆ ಕೊಂಡದ್ದಂತೆ.
ಒಂದಕ್ಕೆ ಇನ್ನೂ ಸುತ್ತಿತ್ತು ಖಾಕಿ ಕಾಗದ,
ಮೂಲೆಯಲ್ಲಿ ಮೊಹರು: ಅಮ್ಮತ್ತಿ, ೧೯ ನವೆಂಬರ್ ೭೪.
ಸ್ವಲ್ಪ ವಾರೆ.
ಆ ವಾರೆ ನನ್ನದು. ಎಡಗೈಯವಳದು.

‘ಹಾಕಲಾ ಟೀಚರೇ?’ ಅಂದ.
ನಾನು ಟೀಚರಲ್ಲ. ಕನ್ನಡಕದವರೆಲ್ಲ ಅವನಿಗೆ ಟೀಚರೇ.

ಮೊದಲು ಕರಕರ,
ಒಣಗಲು ಹರವಿದ ಕಾಫಿಯ ಮೇಲೆ ಯಾರೋ ನಡೆದ ಹಾಗೆ.
ಆಮೇಲೆ ಬಂತು.
ಹೇಗೆ ಹೇಳಲಿ, ಪಲ್ಪರ್ ಮನೆಯ ಇಂಜಿನಿಗೆ
ಯಾರೋ ಕೂರಿಸಿಕೊಂಡು ಅಳುವುದು ಕಲಿಸಿದ ಹಾಗೆ.
ಡ್ರಮ್ಮು ನನ್ನ ಎದೆಯನ್ನೇ ಕೌಂಟರು ಮಾಡಿಕೊಂಡು
ಟಪ್ಪ್ ಟಪ್ಪೆಂದು ಮೊಹರು ಹೊಡೆಯಿತು,
ಒಡೆದೀತೆಂಬ ಅಂಜಿಕೆ ಒಂದಿಷ್ಟೂ ಇಲ್ಲದೆ.
ಅಂಗಡಿಯ ಬೆಕ್ಕು ಎದ್ದು ಹೋಯಿತು.
ಹಾಡುವವನ ಇಂಗ್ಲಿಷು ಮುಕ್ಕಾಲು ತಿಳಿಯಲಿಲ್ಲ,
ಅರಚಿದ್ದು ಪೂರ್ತಿ ತಿಳಿಯಿತು.

ಆ ನವೆಂಬರಿನಲ್ಲಿ ನನಗೂ ಅರಚುವುದಿತ್ತು.
ಪುತ್ತರಿಗೆ ಹತ್ತು ದಿನ, ಮನೆತುಂಬ ನೆಂಟರು,
ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ನಾನು ಬಂದರೆ ಅದೂ ಇಲ್ಲ.
ಏನು ವಿಷಯವೆಂದು ಬರೆಯುವುದಿಲ್ಲ;
ಮೂವತ್ತಾರು ವರ್ಷ ಊರಿನ ಕಾರ್ಡುಗಳನ್ನು
ಓದದ ಹಾಗೆ ನಟಿಸಿದವಳು ನಾನು.
ಆದರೆ ನೋಡಿ,
ಬೇಕಾಗಿದ್ದ ಸದ್ದು ಅದೇ ವಾರ ನನ್ನ ಕೈ ದಾಟಿ ಹೋಗಿದೆ,
ಕಾಗದ ಸುತ್ತಿಕೊಂಡು, ಬೇರೆ ವಿಳಾಸಕ್ಕೆ.
ನಾನೇ ಮೊಹರೊತ್ತಿ ಕಳಿಸಿದ್ದೇನೆ.

ಚೌಕಾಸಿ ಮಾಡಿ ಆರು ತಟ್ಟೆ ತಂದೆ,
ಒಂದು ಹಳೇ ಪ್ಲೇಯರು, ಅದರ ಮುಚ್ಚಳವಿಲ್ಲ.
ಮಿಕ್ಸಿ ಅಲ್ಲೇ ಮರೆತೆ.

ಸಂಜೆ ಬೇಲಿಯಾಚೆಯಿಂದ ಚೋಂದಮ್ಮನ ಕೂಗು:
‘ಏನು ದೇಚೂ, ಈ ಹೊತ್ತಲ್ಲಿ ಮರ ಕುಯ್ಯಿಸ್ತಿದ್ದೀಯಾ?’
ಹೌದು ಅಂದೆ.
ಇನ್ನೊಂದು ಬದಿ ಬಾಕಿ ಇದೆ, ಬಾ, ಕೂತುಕೋ.