ಎಲ್ಲಿ ಇಳಿಯುವುದು?

ಬಂದ್ಯೋಡಿನ ಸಹಕಾರಿ ಬ್ಯಾಂಕಿನ ಮಹಡಿ, ಮೂರು ದಿನ.
ಇಪ್ಪತ್ತಾರು ಮಕ್ಕಳು, ಇಪ್ಪತ್ತೈದು ಕುರ್ಚಿ.
ಜಗಳ ಬಿಡಿಸುವುದನ್ನು ಕಲಿಸಲು ಬಂದವರು
ಕಲ್ಲಿಕೋಟೆಯ ಬಿಂದುಲೇಖಾ ಟೀಚರ್;
ಅವರ ಮಲಯಾಳವನ್ನು ಕನ್ನಡ ಮಾಡುವುದಕ್ಕೆ ನಾನು.
ಚಾರ್ಟು ಅಂಟಿಸುವುದಕ್ಕೂ.

ಮೊದಲ ಚಾರ್ಟಿಗೇ ಎಡವಿದೆ.
ಹಸಿರು ಸ್ಕೆಚ್ಚಿನಲ್ಲಿ ಅವರು ಬರೆದರು: ಸಮಾಧಾನಂ.
ಅವರಲ್ಲಿ ಅದು ಯುದ್ಧದ ಎದುರು ಪದ.
ನಮ್ಮಲ್ಲಿ, ಅಳುವವರ ಬೆನ್ನ ಮೇಲೆ
ಯಾರೋ ಇಟ್ಟ ಕೈ.
ಶಾಂತಿ ಎಂದೆ.
ಹಿಂದಿನ ಸಾಲು ಕಿಸಕ್ಕೆಂದಿತು:
"ಶಾಂತಿ ಅಂದ್ರೆ ಅಂಬಲದಲ್ಲಿ ಪೂಜೆ ಮಾಡುವವರಲ್ವಾ ಟೀಚರೇ?"
ಹೌದು, ಅದೂ ಹೌದು.
ಏಳು ಭಾಷೆಯ ಊರಿನಲ್ಲಿ
ಬೈಗುಳ ಮಾತ್ರ ಅನುವಾದ ಕೇಳುವುದಿಲ್ಲ.

ಎರಡನೆಯ ದಿನ ಮಧ್ಯಾಹ್ನ ಆಟ. ಚೀಟಿ ಎತ್ತಿದರು.
ಕವಲುದಾರಿ, ಒಂದು ಲೈಟುಕಂಬ, ಎರಡು ಬಣ್ಣದ ಬಾವುಟ,
ನಡುವೆ ಒಬ್ಬಳು ಮಧ್ಯಸ್ಥೆ.
ನಗುನಗುತ್ತಲೇ ಶುರುವಾಯಿತು.
"ನೀನು ಅವನಾಗು, ಅವನು ನೀನಾಗಲಿ" ಎಂದರು,
ಕನ್ನಡ ಮಾಡಿದೆ.
ಫವಾಝ್ ನಿಧೀಶನಾದ. ನಿಧೀಶ ಫವಾಝ್ ಆದ.
ಸೊಂಟಕ್ಕೆ ಕೈಕೊಟ್ಟು, ಗಂಟಲು ದಪ್ಪ ಮಾಡಿ
ಫವಾಝ್ ಹೇಳಿದ:
"ನನ್ನ ಅಣ್ಣನ ಬೆರಳು ಹೋದದ್ದು ನಿಮ್ಮಿಂದ."

ಅದು ಚೀಟಿಯಲ್ಲಿ ಇರಲಿಲ್ಲ.

ನಿಧೀಶನ ಅಣ್ಣನಿಗೆ ಬಲಗೈಯಲ್ಲಿ ಮೂರೇ ಬೆರಳು,
ಎರಡು ವರ್ಷದ ಹಿಂದಿನ ವಾಲಿಬಾಲ್ ಪಂದ್ಯದ ರಾತ್ರಿಯಿಂದ.
ಫ್ಯಾನು ತಿರುಗುತ್ತಲೇ ಇತ್ತು.
ಉಪ್ಪುಗಾಳಿಗೆ ಟೇಪು ಬಿಟ್ಟು
‘ಕೇಳಿಸಿಕೊಳ್ಳುವುದು’ ಎಂಬ ಚಾರ್ಟು ಬೋರಲು ಬಿತ್ತು.
ಅನುವಾದಕ್ಕೆ ಏನೂ ಉಳಿದಿರಲಿಲ್ಲ.

ಆಗ ಬಾಗಿಲ ಬಳಿಯ ಸ್ಟೂಲಿನಿಂದ ಐತಪ್ಪಣ್ಣ.
ಅವರನ್ನು ಕರೆದದ್ದು ಚಹಾಕ್ಕೆ ಮೊದಲು
ಹತ್ತು ನಿಮಿಷ ಅನುಭವ ಹೇಳಲು;
ಮೂವತ್ತೊಂದು ವರ್ಷ ಕಾಸರಗೋಡು–ತಲಪಾಡಿ ಬಸ್ಸಿನ ಕಂಡಕ್ಟರು.
"ನಾನು ಬಿಡಿಸಿದ್ದೆಲ್ಲ ಚಿಲ್ಲರೆ ಜಗಳ ಮಕ್ಕಳೇ,
ಐವತ್ತು ಪೈಸೆಯದ್ದು, ಕಿಟಕಿಯದ್ದು, ಕಾಲು ತುಳಿದದ್ದು.
ಯಾರದ್ದು ಸರಿ ಅಂತ ಒಂದು ದಿನವೂ ಹೇಳಿದವನಲ್ಲ.
ನಡುವೆ ಬ್ಯಾಗು ತೂರಿಸಿ ನಿಂತು ಇಬ್ಬರನ್ನೂ ಕೇಳುವುದು:
ಓಲು ಜಪ್ಪುನಿ? ಏಡೆ ಇರಙ್ಙಣಂ? ಎಲ್ಲಿ ಇಳಿಯುವುದು?
ಎಂಥ ಕೋಪದವನಿಗೂ ತನ್ನ ಸ್ಟಾಪು ನೆನಪಿರುತ್ತದೆ.
ಅದನ್ನು ಹೇಳಲಿಕ್ಕೆ ಬಾಯಿ ಬೇರೆ ಥರ ತೆರೆಯಬೇಕು, ಅಷ್ಟೇ."

ಟೀಚರಿಗೆ ಮಲಯಾಳ ಮಾಡುತ್ತ ತಡವರಿಸಿದೆ:
ನಮ್ಮಲ್ಲಿ ಜ್ವರ ಇಳಿಯುತ್ತದೆ, ನೆರೆ ಇಳಿಯುತ್ತದೆ,
ಹೆಗಲ ಹೊರೆ ಇಳಿಯುತ್ತದೆ…
ಅವರು ಬರೆದುಕೊಳ್ಳುತ್ತಿದ್ದರು.

"ಒಮ್ಮೆ ಕೇಳಲಿಲ್ಲ," ಎಂದರು ಐತಪ್ಪಣ್ಣ.
"ಬಸ್ಸು ಮೊಗ್ರಾಲ್ ಸೇತುವೆ ದಾಟಿತ್ತು.
ಚಿಲ್ಲರೆ ಎಣಿಸುತ್ತಿದ್ದೆ."
ಮುಂದೆ ಹೇಳಲಿಲ್ಲ. ಚಹಾ ಬಂತು.

ಮೂರನೆಯ ದಿನ ನಿಧೀಶ ಬರಲಿಲ್ಲ.
ಕುರ್ಚಿಯ ಲೆಕ್ಕ ಸರಿಹೋಯಿತೆಂದು ಯಾರೂ ಹೇಳಲಿಲ್ಲ.
ಪ್ರಮಾಣಪತ್ರದಲ್ಲಿ ಅವನ ಹೆಸರು ತಪ್ಪಿತ್ತು, ‘ನಿದೀಶ’ ಎಂದು.
ಫವಾಝ್ ನನ್ನ ಪೆನ್ನು ಕೇಳಿ
ದಕಾರದ ಹೊಟ್ಟೆ ಸೀಳಿ ಧಕಾರ ಮಾಡಿದ.
ರಕ್ತವಿಲ್ಲದ ಸೀಳು,
ಹೆಸರನ್ನು ಹೆಸರಾಗಿಸಿದ್ದು.

ಮಡಚದೆ ನೋಟುಪುಸ್ತಕದಲ್ಲಿಟ್ಟು ಬಸ್ಸು ಹತ್ತಿದ.
ನನ್ನದೂ ಅದೇ ಬಸ್ಸು.
ಕಂಡಕ್ಟರು ಹೊಸ ಹುಡುಗ, ಒಂದು ಕಿವಿಗೆ ಇಯರ್‌ಫೋನು.
ಎಲ್ಲಿ ಇಳಿಯುವುದು, ಎಂದ.
ಫವಾಝ್ ಹೇಳಿದ್ದು ತನ್ನ ಸ್ಟಾಪಿನ ಹೆಸರಲ್ಲ.
ಎರಡು ಸ್ಟಾಪು ಆಚೆಯದ್ದು.

"ಚಿಲ್ಲರೆ ಉಂಟಾ?"

ಉಂಟು, ಎಂದ.