ಮದ್ದು

ನಮ್ಮ ಕಡೆ, ಹೊಳಲ್ಕೆರೆಯ ಆಚೆ,
ಮದ್ದು ಅಂದರೆ ಬಾಗಿಲು ಮುಚ್ಚಿಕೊಂಡು ಆಡುವ ಮಾತು.
ಸೊರಗಿದವರನ್ನು ಕಂಡರೆ ಯಾರೋ ಮದ್ದು ಹಾಕಿದ್ದಾರೆ ಅನ್ನುತ್ತಿದ್ದರು.
ಚಿಕ್ಕಮ್ಮನಿಗೆ ಉಪ್ಪುನೀರು ಕುಡಿಸಿ, ವಾಂತಿ ಮಾಡಿಸಿ,
ಬಂದದ್ದರಲ್ಲಿ ಕೂದಲೆಳೆ ಹುಡುಕಿದ್ದನ್ನು
ಕಂಬದ ಹಿಂದೆ ನಿಂತು ನೋಡಿದವಳು ನಾನು.

ಅಂಥವಳ ಕೈಗೆ, ಪೊನ್ನಂಪೇಟೆಗೆ ವರ್ಗವಾಗಿ ಬಂದ
ಎರಡನೇ ತಿಂಗಳಿಗೆ, ಪಕ್ಕದ ಮನೆಯ ಚಿಣ್ಣವ್ವ
ಒಂದು ಬಟ್ಟಲು ಕೊಟ್ಟಳು.
ನೇರಳೆಯೂ ಅಲ್ಲ, ಕಪ್ಪೂ ಅಲ್ಲ,
ಮಸಿಕುಡಿಕೆಯ ತಳದ ಬಣ್ಣ. ಮೇಲೆ ತೆಂಗಿನ ತುರಿ.
"ಕಕ್ಕಡ ಪದಿನೆಟ್ಟ್," ಅಂದಳು. "ಮದ್ದು ಪಾಯಸ. ತಿನ್ನಿ."

ತಿಂದೆ. ಅವಳು ಬಾಗಿಲಲ್ಲೇ ನಿಂತಿದ್ದಳಲ್ಲ.
ಏಲಕ್ಕಿ ಇತ್ತು, ಬೆಲ್ಲ ಇತ್ತು, ಅದರಡಿಗೆ
ನನಗೆ ಹೆಸರು ಗೊತ್ತಿಲ್ಲದ ಕಾಡಿನ ಒಂದು ವಾಸನೆ.

ಬೆಳಿಗ್ಗೆ ಬಚ್ಚಲಲ್ಲಿ ಕೆಂಪಗೆ ಹರಿಯಿತು.

ಮಳೆಯಲ್ಲಿ ಕೊಡೆ ಮರೆತು ಆಸ್ಪತ್ರೆಗೆ ಓಡಿದೆ.
ಕಾಂಪೌಂಡರ್ ಚೆಂಗಪ್ಪ ಚೀಟಿಯನ್ನೂ ಬರೆಯಲಿಲ್ಲ.
"ಇವತ್ತು ಊರಿಗೆ ಊರೇ ಕೆಂಪಗೆ ಹೋಗೋದು, ಮೇಡಂ.
ಮದ್ದು ಅಂದರೆ ಔಷಧಿ. ಹದಿನೆಂಟು ಬಗೆ, ಒಂದೇ ಗಿಡದಲ್ಲಿ,
ಆ ಒಂದೇ ದಿನ ಅಂತಾರೆ."
ಆಮೇಲೆ, ಏನೋ ನೆನಪಾದವನಂತೆ:
"ಕೋವಿಗೆ ತುಂಬೋದೂ ಮದ್ದೇ ಅನ್ನಿ."

ಅರಣ್ಯ ಕಾಲೇಜಿನಲ್ಲಿ ಒಣಗಿದ ಗಿಡಗಳಿಗೆ
ಚೀಟಿ ಅಂಟಿಸುವುದು ನನ್ನ ಕೆಲಸ.
ಇದಕ್ಕೂ ಒಂದಿತ್ತು. ಜಸ್ಟಿಸಿಯಾ.
ನ್ಯಾಯವೇನೋ ಅಂದುಕೊಂಡಿದ್ದೆ. ಅಲ್ಲ,
ಈ ಗಿಡವನ್ನು ಕಾಣದೇ ಹೋದ
ಸ್ಕಾಟ್ಲೆಂಡಿನ ಯಾವನೋ ತೋಟಗಾರನ ಅಡ್ಡಹೆಸರು.
ಅದರ ಬಾಲಕ್ಕೆ ವಯನಾಡು, ಬೆಟ್ಟದ ಆಚೆಯದು.
ಕೊಡಗಿಗೆ ಉಳಿದದ್ದು 'ಸ್ಥಳೀಯ ಹೆಸರು' ಎಂಬಲ್ಲಿ
ಒಂದೂವರೆ ಇಂಚು ಖಾಲಿ ಗೆರೆ.
ಅಲ್ಲಿ ಬರೆದೆ: ಮದ್ದು ತೊಪ್ಪು.
ಅರ್ಥ ಬರೆಯಲು ಜಾಗ ಸಾಲಲಿಲ್ಲ.

ಕಕ್ಕಡ ಕಳೆದು ಎಷ್ಟೋ ದಿನಕ್ಕೆ
ಬೇಲಿಯಂಚಿನಲ್ಲಿ ಅದು ಹೂ ಬಿಟ್ಟಿತು. ಯಾರೂ ನೋಡಲಿಲ್ಲ.
ತೊಪ್ಪು ಅಂದರೆ ಸೊಪ್ಪು; ಹೆಸರಿನಲ್ಲಿ ಎಲೆಯಿದೆ, ಹೂವಿಲ್ಲ.
ಬಗ್ಗಿ ನೋಡಿದೆ: ಬಿಳಿಯ ಪುಟ್ಟ ತುಟಿ,
ಒಳಗೆ ನೇರಳೆ ಗೀರು,
ಮುಳ್ಳಿನ ಮೊನೆಯನ್ನು ಆ ಬಟ್ಟಲಲ್ಲಿ ಅದ್ದಿ
ಯಾರೋ ಎಳೆದ ಹಾಗೆ.

ಬೇಸಿಗೆಗೆ ಊರಿಗೆ ಹೋದಾಗ ಚಿಕ್ಕಮ್ಮ
ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.
"ಅಲ್ಲಿ ನಿನಗೆ ಯಾರೂ ಏನೂ ಹಾಕಿಲ್ಲ ತಾನೆ?"
"ಹಾಕಿದ್ದಾರೆ," ಅಂದೆ.
"ವರ್ಷಕ್ಕೊಂದು ಸಲ. ಬೆಲ್ಲ ಸೇರಿಸಿ."
ಅವಳ ಕಣ್ಣು ಮೆಲ್ಲಗೆ
ಉಪ್ಪಿನ ಜಾಡಿಯ ಕಡೆ ಹೋಯಿತು.